ಪ್ರದರ್ಶನ ಮೈದಾನದ ಐಸ್ ಸ್ಕೇಟಿಂಗ್: ಹಾಸು ಚಲೋ ಐತಿ, ಬೂಟಿನ ಕೌಂಟರ್ ಸುಧಾರಿಸಬೇಕು

ಬೆಳಗಾವಿಯಲ್ಲಿ ಈ ಚಳಿಗಾಲದ ಪ್ರದರ್ಶನಕ್ಕೆ ಹಾಕಿರುವ ‘ಐಸ್ ರಿಂಕ್‌’ನಲ್ಲಿ ಐಸ್ ಇಲ್ಲ. ಬಿಳಿ ಪಾಲಿಥಿಲೀನ್ ಪ್ಲಾಸ್ಟಿಕ್ ಹಲಗೆಗಳನ್ನು ಒಂದಕ್ಕೊಂದು ಕೂಡಿಸಿ ಮಾಡಿದ ಹಾಸು ಅದು. ಶಿಮ್ಲಾದಲ್ಲಿ 1920ರಿಂದ ಬಯಲಲ್ಲೇ ನೀರು ಹೆಪ್ಪುಗಟ್ಟಿಸಿ ಸ್ಕೇಟಿಂಗ್ ಆಡುತ್ತಾರೆ, ಅಲ್ಲಿಯ ಚಳಿಗೆ ಅದು ಆಗುತ್ತದೆ. ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೂ 28 ಡಿಗ್ರಿ ಬಿಸಿಲು. ನಿಜವಾದ ಐಸ್ ಬೇಕೆಂದರೆ ಅಡಿಯಲ್ಲಿ ಗ್ಲೈಕಾಲ್ ಎಂಬ ಹೆಪ್ಪುಗಟ್ಟದ ದ್ರವ ಹರಿಯುವ ಕೊಳವೆ, ಅದನ್ನು ತಣ್ಣಗಿಡುವ ಚಿಲ್ಲರ್ ಯಂತ್ರ, ಹಗಲು ರಾತ್ರಿ ಕರೆಂಟ್ ಬೇಕು. ಹಾಗಾಗಿ ಪ್ಲಾಸ್ಟಿಕ್ ಹಾಕಿದ್ದರಲ್ಲಿ ತಪ್ಪೇನಿಲ್ಲ. ಆದರೆ ಬೋರ್ಡಿನಲ್ಲಿ ಅದನ್ನು ಬರೆಯಬೇಕಿತ್ತು. ‘ಪ್ಲಾಸ್ಟಿಕ್ ಅಲ್ವಾ, ಏನಾಗಲ್ಲ’ ಎಂದು ಮಕ್ಕಳನ್ನು ಹಾಗೇ ಒಳಗೆ ಬಿಡುವ ಪಾಲಕರು ಬಹಳ. ಬಿದ್ದ ಕೈಗೆ ಎರಡೂ ಅಷ್ಟೇ ಗಟ್ಟಿ, ಕಾಲಲ್ಲಿರುವುದೂ ಅದೇ ಉಕ್ಕಿನ ಬ್ಲೇಡು.

ಹಾಸಿನ ಕೆಲಸ ಚೆನ್ನಾಗಿದೆ. ಸುಮಾರು 20 ಮೀಟರ್ ಉದ್ದ, 10 ಮೀಟರ್ ಅಗಲ, ಕೆಳಗೆ ಪ್ಲೈವುಡ್ ಹಾಕಿ ಮಟ್ಟ ಮಾಡಿದ್ದಾರೆ, ಮೇಲೆ ಶಾಮಿಯಾನ ಇದೆ. ಈ ನೆರಳು ಬರೀ ಅಲಂಕಾರಕ್ಕಲ್ಲ. ಬಿಸಿಲಿಗೆ ಪಾಲಿಥಿಲೀನ್ ಹಿಗ್ಗುತ್ತದೆ: 20 ಮೀಟರ್ ಉದ್ದದ ಹಾಸು ಬೆಳಗಿನ 14 ಡಿಗ್ರಿಯಿಂದ ಮಧ್ಯಾಹ್ನದ 28ಕ್ಕೆ ಹೋದರೆ ಸುಮಾರು ಮೂರರಿಂದ ಐದು ಸೆಂಟಿಮೀಟರ್ ಬೆಳೆಯುತ್ತದೆ. ಸುತ್ತಲಿನ ತಡೆಗೋಡೆಗೆ ಒತ್ತಿ ಕೂಡಿಸಿದ್ದರೆ ಹಲಗೆ ನಡುವೆ ಉಬ್ಬಿ ನಿಲ್ಲುತ್ತದೆ. ಮಧ್ಯಾಹ್ನ ಬಿಗಿಯಾಗಿ ಕೂಡಿಸಿದ್ದರೆ ಬೆಳಗಿನ ಚಳಿಗೆ ಕುಗ್ಗಿ ಸಂದು ಬಿಡುತ್ತದೆ. ಐಸ್ ಹಾಕಿ ಆಟದ ಸ್ಕೇಟಿನ ಬ್ಲೇಡಿನ ದಪ್ಪ ಸುಮಾರು 3 ಮಿ.ಮೀ., ನೃತ್ಯದಂತೆ ತಿರುಗಿ ಜಿಗಿಯುವವರ ಫಿಗರ್ ಸ್ಕೇಟಿನದು 4 ಮಿ.ಮೀ. ಅಷ್ಟು ಅಗಲದ ಸಂದು ಹೋಗುವ ದಿಕ್ಕಿಗೇ ಸಿಕ್ಕರೆ ಬ್ಲೇಡು ಒಳಗೆ ಕೂತು ಪಾದ ಅಲ್ಲೇ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ಮೊಳಕಾಲು ತಿರುಚುತ್ತದೆ. ಇಲ್ಲಿ ಅಂಚಿಗೆ ಜಾಗ ಬಿಟ್ಟು ಹಾಕಿದ್ದಾರೆ. ಮಧ್ಯದ ಸಂದುಗಳಲ್ಲಿ ಎರಡು ರೂಪಾಯಿ ನಾಣ್ಯವನ್ನು ನಿಲ್ಲಿಸಿ ತೂರಿಸಿ ನೋಡಿದರೆ ಹೋಗುವುದಿಲ್ಲ. ಒಂದೇ ತಕರಾರು ಗೇಟಿನ ಎಡಗಡೆಯ ಮೂಲೆಯದು. ಅಲ್ಲಿ ಕೆಳಗಿನ ನೆಲ ಕುಸಿದು ಒಂದು ಹಲಗೆ ತುಳಿದರೆ ಬಗ್ಗುತ್ತದೆ, ಪಕ್ಕದ ಹಲಗೆಯ ಅಂಚು ಮೆಟ್ಟಿಲಾಗಿ ಮೇಲೆ ಉಳಿಯುತ್ತದೆ. ಹೊಸಬರು ಗೋಡೆ ಹಿಡಿದು ಹೆಜ್ಜೆ ಕಲಿಯುವ ಜಾಗವೂ ಅದೇ. ಹಲಗೆ ಎತ್ತಿ ಕೆಳಗೆ ಪ್ಲೈ ತುಂಡು ಕೊಟ್ಟರೆ ಅರ್ಧ ಗಂಟೆಯ ಕೆಲಸ.

ನಮ್ಮ ಕೆಂಪು ದೂಳಿನ ಬಗ್ಗೆಯೂ ಗಮನ ಬೇಕು. ಚಪ್ಪಲಿಗೆ ಹತ್ತಿ ಬಂದ ಮಣ್ಣು ಹಾಸಿನ ಮೇಲೆ ಬಿದ್ದರೆ ಬ್ಲೇಡಿನ ಅಂಚು ಬೇಗ ಮೊಂಡಾಗುತ್ತದೆ. ಮೊಂಡ ಬ್ಲೇಡು ಹಾಸನ್ನು ಹಿಡಿಯುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಪ್ಲಾಸ್ಟಿಕ್ ಹಾಸು ಹೇಗೂ ಐಸಿಗಿಂತ ಬೇಗ ಬ್ಲೇಡು ತಿನ್ನುತ್ತದೆ, ಅದಕ್ಕೇ ಸಾಣೆ ಹೆಚ್ಚು ಸಲ ಬೇಕು. ಒಂದು ಆಟ ಮುಗಿದ ಮೇಲೆ ಹುಡುಗನೊಬ್ಬ ಹಸಿ ಬಟ್ಟೆಯಿಂದ ಒರೆಸುತ್ತಾನೆ, ಅದು ಒಳ್ಳೆಯ ಪದ್ಧತಿ. ಆದರೆ ಜಾರಿಕೆಯ ಸ್ಪ್ರೇಯನ್ನು ಹೊಡೆದು ಹಾಗೇ ಬಿಡುತ್ತಾನೆ. ಅದನ್ನು ತೆಳ್ಳಗೆ ಹರಡಿ ಒರೆಸಬೇಕು. ಅಲ್ಲಲ್ಲಿ ದಪ್ಪ ನಿಂತರೆ ಒಂದು ಕಡೆ ನಿಧಾನ, ಮುಂದಿನ ಹೆಜ್ಜೆಗೇ ಸರ್ರನೆ ಜಾರಿಕೆ. ಕಲಿತವರೂ ಬೀಳುವುದು ಇಂಥಲ್ಲೇ.

ಇನ್ನು ಬೂಟಿನ ಕೌಂಟರ್. ಈ ರಿಂಕಿನ ಅರ್ಧಕ್ಕಿಂತ ಹೆಚ್ಚು ಬೀಳುವಿಕೆ ಶುರುವಾಗುವುದು ಇಲ್ಲಿಂದಲೇ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಸೈಜ್ ಕೇಳಿ, ಕೈಗೆ ಸಿಕ್ಕ ಜೋಡಿ ಕೊಟ್ಟು, ಮುಂದಿನವರನ್ನು ಕರೆಯುತ್ತಾರೆ.

“ಅಣ್ಣಾ, ಇದು ಲೂಸ್ ಆಗೇತಿ.”

“ಲೇಸ್ ಗಟ್ಟಿ ಕಟ್ರಿ, ಆಕ್ಕೈತಿ.”

ಆಗುವುದಿಲ್ಲ. ದೊಡ್ಡ ಬೂಟಿಗೆ ಎಷ್ಟೇ ಲೇಸ್ ಬಿಗಿದರೂ ಹಿಮ್ಮಡಿ ಒಳಗೆ ಏಳುತ್ತದೆ, ಹರಡು ಒಳಕ್ಕೆ ವಾಲುತ್ತದೆ, ಬ್ಲೇಡು ನೆಟ್ಟಗೆ ನಿಲ್ಲುವುದಿಲ್ಲ. ತೆಳ್ಳನೆಯ ಉದ್ದ ಸಾಕ್ಸ್ ಒಂದೇ ಹಾಕಿ. ಎದ್ದು ನಿಂತಾಗ ಹೆಬ್ಬೆರಳು ಮುಂದೆ ಸ್ವಲ್ಪ ತಾಗಬೇಕು, ಮೊಳಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ಬೆರಳಿನ ಕಡೆ ಲೇಸ್ ಸಡಿಲ, ಪಾದದ ಉಬ್ಬಿನಿಂದ ಹರಡಿನ ತಿರುವಿನವರೆಗೆ ಬಿಗಿ, ತುದಿಯಲ್ಲಿ ಒಂದು ಬೆರಳು ತೂರುವಷ್ಟು ಬಿಟ್ಟು ಕಟ್ಟಿ. ಉಳಿದ ಲೇಸನ್ನು ಬೂಟಿನ ಒಳಗೆ ಸೇರಿಸಿ, ಹೊರಗೆ ಜೋತುಬಿದ್ದರೆ ಬ್ಲೇಡಿನ ಅಡಿಗೆ ಹೋಗುತ್ತದೆ. ಬ್ಲೇಡಿನ ಅಂಚಿಗೆ ಉಗುರಿನ ಮೇಲ್ಮೈಯನ್ನು ಅಡ್ಡಕ್ಕೆ ಮೆಲ್ಲಗೆ ಎಳೆದು ನೋಡಿ: ಸಣ್ಣ ಪುಡಿ ಎದ್ದರೆ ಸಾಣೆ ಇದೆ, ಉಗುರು ನುಣ್ಣಗೆ ಜಾರಿದರೆ ಆ ಜೋಡಿ ವಾಪಸ್ ಕೊಡಿ. ಬದಲಿಸಿ ಕೊಡಲು ಗೊಣಗುತ್ತಾರೆ, ಆದರೂ ಕೊಡುತ್ತಾರೆ.

ಬೆಳಗಾವಿಯ ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ ಇದೆ. ಇಲ್ಲಿ ರೋಲರ್ ಸ್ಕೇಟಿಂಗ್ ಕಲಿತವರು ಓಣಿಗೊಬ್ಬರು, ಅವರಿಗೆ ಹೆದರಿಕೆ ಇಲ್ಲ. ಮುಂದೆ ಎರಡು, ಹಿಂದೆ ಎರಡು ಗಾಲಿಯ ಕ್ವಾಡ್ ಸ್ಕೇಟಿನಲ್ಲಿ ಮುಂತುದಿಯ ರಬ್ಬರ್ ಒತ್ತಿ ನಿಲ್ಲುವ ರೂಢಿ. ಫಿಗರ್ ಸ್ಕೇಟಿನ ಮುಂತುದಿಯಲ್ಲಿ ಇರುವುದು ರಬ್ಬರ್ ಅಲ್ಲ, ಉಕ್ಕಿನ ಹಲ್ಲು. ವೇಗದಲ್ಲಿ ಅದನ್ನು ಊರಿದರೆ ಮುಖ ಅಡಿಯಾಗಿ ಬೀಳುವುದೇ. ಗಾಲಿಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ ಕಲಿತವರು ಹಿಮ್ಮಡಿಯ ಬ್ರೇಕಿಗಾಗಿ ಬೆರಳು ಮೇಲೆತ್ತುತ್ತಾರೆ. ಇಲ್ಲಿ ಬ್ರೇಕ್ ಇಲ್ಲ, ಬ್ಲೇಡಿನ ಹಿಂತುದಿ ಜಾರಿ ತಲೆಯ ಹಿಂಭಾಗಕ್ಕೆ ಪೆಟ್ಟು ಬೀಳುತ್ತದೆ. ಮೊದಲ ಹತ್ತು ನಿಮಿಷ ಗೋಡೆಯ ಪಕ್ಕ ಪಾದದ ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿ, ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಲ್ಲುವುದನ್ನೇ ಕಲಿಸಿ. ಪ್ಲಾಸ್ಟಿಕ್ ಹಾಸಿನಲ್ಲಿ ಇದಕ್ಕೆ ಐಸಿಗಿಂತ ಹೆಚ್ಚು ಒತ್ತು ಬೇಕು.

ಈ ಮಕ್ಕಳಿಗೇ ಒಂದು ಅನುಕೂಲವೂ ಇದೆ: ಮನೆಯಲ್ಲಿ ರಿಸ್ಟ್ ಗಾರ್ಡ್, ಅಂದರೆ ಮಣಿಕಟ್ಟಿಗೆ ಕಟ್ಟುವ ಗಟ್ಟಿ ಪಟ್ಟಿ, ಇರುತ್ತದೆ. ಅದನ್ನು ತರಲೇಬೇಕು, ರಿಂಕಿನವರು ಕೊಡುವುದಿಲ್ಲ. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ, ಮೈಯ ಭಾರವೆಲ್ಲ ಮಣಿಕಟ್ಟಿಗೆ ಬರುತ್ತದೆ. ಸ್ಕೇಟಿಂಗ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಮುರಿಯುವುದು ಮುಂಗೈ ಎಲುಬಿನ ಈ ತುದಿಯೇ. ಹೆಲ್ಮೆಟ್ ಅನ್ನು ಕೌಂಟರಿನಲ್ಲಿ ಕೊಡುತ್ತಾರೆ, ಆದರೆ ಕೇಳಿದವರಿಗೆ ಮಾತ್ರ. ಅವೂ ಸೈಕಲ್ಲಿನವು, ತಲೆಯ ಹಿಂಭಾಗ ಕೆಳಗಿನವರೆಗೆ ಮುಚ್ಚುವುದಿಲ್ಲ. ರೋಲರ್ ಸ್ಕೇಟಿಂಗ್ ಹೆಲ್ಮೆಟ್ ಇದ್ದರೆ ಅದೇ ಒಳ್ಳೆಯದು. ಕೈಗೆ ದಪ್ಪ ಗ್ಲೌಸ್ ಇರಲಿ. ಬಿದ್ದ ತಕ್ಷಣ ಮುಷ್ಟಿ ಕಟ್ಟಿ ಎದೆಗೆ ಎಳೆದುಕೊಳ್ಳಲು ಹೇಳಿಕೊಡಿ, ನೆಲದಲ್ಲಿ ಹರಡಿದ ಬೆರಳಿನ ಮೇಲೆ ಹಿಂದಿನವರ ಬ್ಲೇಡು ಹಾಯುತ್ತದೆ. ಬಳೆ, ಉಂಗುರ, ಕಡಗ ತೆಗೆದಿಟ್ಟು ಹೋಗಿ. ದುಪಟ್ಟಾ ಬೇಡ.

ಜನದಟ್ಟಣೆಯೇ ದೊಡ್ಡ ದೂರು. ತಲೆಗೆ ಐದು ಚದರ ಮೀಟರ್ ಹಿಡಿದರೆ ಈ ಹಾಸಿನ ಮೇಲೆ 40 ಮಂದಿ ಸಾಕು, ಎಲ್ಲ ಹೊಸಬರಾದರೆ ಇನ್ನೂ ಕಡಿಮೆ. ರವಿವಾರ ಸಂಜೆ ಟಿಕೆಟ್ ನಿಲ್ಲಿಸುವುದೇ ಇಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಬೇಕೆಂಬ ಬೋರ್ಡು ಇದೆ, ಹೇಳುವವರಿಲ್ಲ. ಸ್ಕೇಟ್ ಹಾಕಿಕೊಂಡು ಒಳಗೇ ಇರುವ ಇಬ್ಬರು ಕಾವಲು ಹುಡುಗರು ಬೇಕು, ಇರುವ ಒಬ್ಬ ಗೇಟಿನಲ್ಲಿ ಟಿಕೆಟ್ ಹರಿಯುತ್ತಿರುತ್ತಾನೆ. ಅಪ್ಪಂದಿರು ಕೂಸನ್ನು ಎತ್ತಿಕೊಂಡು ಸ್ಕೇಟ್ ಹಾಕುವುದನ್ನಂತೂ ತಡೆಯಲೇಬೇಕು. ದೊಡ್ಡವರು ಬಿದ್ದರೆ ಅವರ ಭಾರವೆಲ್ಲ ಮಗುವಿನ ಮೇಲೆ. ಕೈ ಕೈ ಹಿಡಿದ ಸಾಲೂ ಹಾಗೇ, ಒಬ್ಬರು ಜಾರಿದರೆ ಎಲ್ಲರೂ ಬೀಳುತ್ತಾರೆ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹತ್ತಿ, ಬ್ಯಾಂಡೇಜು, ಟಿಂಚರ್ ಇವೆ. ಮುರಿದ ಎಲುಬಿಗೆ ಆಸರೆ ಕೊಡುವ ಸ್ಪ್ಲಿಂಟ್ ಇಲ್ಲ, ಐಸ್ ಪ್ಯಾಕೂ ಇಲ್ಲ. ಮಣಿಕಟ್ಟು ಬಾತರೆ ಎಳೆದು ನೋಡಬೇಡಿ. ಮಡಚಿದ ದಿನಪತ್ರಿಕೆ ಅಥವಾ ರಟ್ಟನ್ನು ಮೊಣಕೈ ಹತ್ತಿರದಿಂದ ಅಂಗೈವರೆಗೆ ಕೊಟ್ಟು ಸಡಿಲವಾಗಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಜೋಲಿ ಕಟ್ಟಿ, ಬೆರಳ ತುದಿ ಬಿಸಿಯಾಗಿ, ಕೆಂಪಗೆ ಇದೆಯೇ ನೋಡುತ್ತಿರಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ನಾಟಿ ಕಟ್ಟು ಬಿಗಿಸುವುದು ಬೇಡವೇ ಬೇಡ. ಬಾವು ಏರಿದ ಕೈಗೆ ಬಿಗಿ ಕಟ್ಟು ಬಿದ್ದರೆ ರಕ್ತ ಓಡಾಟವೇ ನಿಲ್ಲಬಹುದು. ಮಕ್ಕಳಲ್ಲಿ ಎಲುಬು ಬೆಳೆಯುವ ಭಾಗವೂ ಮಣಿಕಟ್ಟಿನ ಹತ್ತಿರವೇ ಇರುವುದರಿಂದ ಎಕ್ಸ್‌ರೇ ತಪ್ಪಿಸಬೇಡಿ. ಹರೆಯದವರಿಗೆ ಹೆಬ್ಬೆರಳ ಬುಡದ ಗುಳಿಯಲ್ಲಿ ಒತ್ತಿದಾಗ ನೋವಿದ್ದರೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಹತ್ತು-ಹದಿನಾಲ್ಕು ದಿನಕ್ಕೆ ಮತ್ತೆ ತೋರಿಸಿ. ಅಲ್ಲಿಯ ಸಣ್ಣ ಎಲುಬಿನ ಬಿರುಕು ತಡವಾಗಿ ಕಾಣುವುದುಂಟು. ಬ್ಲೇಡಿನ ಗಾಯಕ್ಕೆ ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಎಚ್ಚರಿಸಿದರೂ ಸರಿಯಾಗಿ ಏಳದ ಮಂಪರು, ತೊದಲು ಮಾತು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಪ್ರದರ್ಶನದ ಹಿಂದಿನ ಗೇಟಿಗೆ ಬೀಗ ಹಾಕಿರುತ್ತಾರೆ, ಅದರ ಕೀಲಿ ಯಾರ ಹತ್ತಿರ ಎಂದು ಒಳಗೆ ಹೋಗುವ ಮೊದಲೇ ಕೇಳಿಟ್ಟುಕೊಳ್ಳಿ. ಮುಂದಿನ ಗೇಟಿನ ಬಜ್ಜಿ ಅಂಗಡಿಗಳ ಸಾಲಿನಲ್ಲಿ ಆಂಬ್ಯುಲೆನ್ಸ್ ಹಾಯುವುದು ಕಷ್ಟ.

ವಾರದ ದಿನ, ಸಂಜೆಯ ಮೊದಲ ಆಟಕ್ಕೆ, ಸ್ವಂತ ರಿಸ್ಟ್ ಗಾರ್ಡ್ ಮತ್ತು ಸಾಕ್ಸ್ ಇಟ್ಟುಕೊಂಡು ಹೋದರೆ ಈ ರಿಂಕು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆರು ವರ್ಷದ ಕೆಳಗಿನವರಿಗೆ, ಎಲುಬು ಸವೆತ ಇರುವವರಿಗೆ, ಬಸುರಿಯರಿಗೆ ಬೇಡ. ರವಿವಾರ ಸಂಜೆಯ ಟಿಕೆಟ್ ಅನ್ನು ಸದ್ಯಕ್ಕೆ ಯಾರೂ ತೆಗೆದುಕೊಳ್ಳಬೇಡಿ. 40ಕ್ಕೆ ಟಿಕೆಟ್ ನಿಲ್ಲಿಸಿ, ಒಳಗೆ ಇಬ್ಬರನ್ನು ನಿಲ್ಲಿಸಿ, ಮೂಲೆಯ ಹಲಗೆ ಸರಿಪಡಿಸಿದರೆ ಆಗ ನೋಡೋಣ.