ಅಪ್ಪನ ಖಾಕಿ ಅಂಗಿ, 160 ಪುಟ

ನಾವು ಕೊಟ್ಟ ಹಳೆ ಬಟ್ಟೆಯನ್ನೇ ರಟ್ಟಿಗೆ ಹಾಕಿ ಡೈರಿ ಕಟ್ಟಿಕೊಡುವ ಬೈಂಡರ್ ಒಬ್ಬರ ಬಗ್ಗೆ ಇದು. ಮೊದಲು ದರ ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಒಂದು ಪುಸ್ತಕಕ್ಕೆ 850 ರೂಪಾಯಿ. ಬಟ್ಟೆ ನಮ್ಮದು, ಉಳಿದಿದ್ದೆಲ್ಲ ಅವರದು. ನಾನು ಎರಡು ಮಾಡಿಸಿದೆ. ಒಂದಕ್ಕೆ ಅಪ್ಪನ ಕಂಡಕ್ಟರ್ ಅಂಗಿ, ಇನ್ನೊಂದಕ್ಕೆ ಅವ್ವನ ಇಳಕಲ್ ಸೀರೆ.

ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. 1997ರಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಕೆಎಸ್‌ಆರ್‌ಟಿಸಿಯಿಂದ ಬೇರೆ ಆಗುವ ಮೊದಲೇ ಕೆಲಸಕ್ಕೆ ಸೇರಿದವರು. ಟ್ರಂಕಿನಲ್ಲಿ ನಾಲ್ಕು ಖಾಕಿ ಅಂಗಿ ಉಳಿದಿದ್ದವು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬಂದಾಗಲೆಲ್ಲ ಅವ್ವ ಅವನ್ನು ಹೊರಗೆ ತರೋದು, ಮತ್ತೆ ಒಳಗೆ ಇಡೋದು. ಕೊನೆಗೆ "ನೀನಽ ಏನರ ಮಾಡವಾ" ಅಂತ ಗಂಟು ನನ್ನ ಕೈಗೆ ಕೊಟ್ಟಳು.

ಬೈಂಡರ್ ಇರುವುದು ಗದಗಿನಲ್ಲಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಹೋದೆ. ಟಾಂಗಾಕೂಟದ ಹತ್ತಿರ ಒಂದು ಸಂದಿಯಲ್ಲಿ ಅಂಗಡಿ. ಬೋರ್ಡಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು, ಬೈಂಡಿಂಗ್ ಕೆಲಸ ಅಲ್ಲಿಯವರಿಗೆ ಹೊಸದಲ್ಲ. ಇವರ ತಂದೆ ದೀಪಾವಳಿಗೆ ವ್ಯಾಪಾರಸ್ಥರ ಕೆಂಪು ಬಟ್ಟೆಯ ಖಾತೆ ಪುಸ್ತಕ ಕಟ್ಟುತ್ತಿದ್ದರಂತೆ. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ, ಪೂಜೆಗೆ ಒಂದು ಪುಸ್ತಕ ಸಾಕು. ಹಾಗಾಗಿ ಜನ ತಂದ ಬಟ್ಟೆಯಲ್ಲಿ ಡೈರಿ ಕಟ್ಟುತ್ತಾರೆ.

ಅಂಗಿ ಕೊಟ್ಟ ಕೂಡಲೇ ಅವರು ಅಳತೆ ತೆಗೆಯಲಿಲ್ಲ. ಒಳಹೊಲಿಗೆಯಿಂದ ಒಂದು ಎಳೆ ಕಿತ್ತರು. ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿದರು. ಎಳೆ ಸ್ವಲ್ಪ ಬೂದಿ ಆಯಿತು, ಸ್ವಲ್ಪ ಕರಗಿ ತುದಿಗೆ ಸಾಸಿವೆಗಿಂತ ಸಣ್ಣ ಕರಿ ಮಣಿ ಕೂತಿತು. "ಟೆರಿಕಾಟ್ ಐತ್ರಿ. ಬರೇ ಮೈದಾ ಅಂಟಿಗೆ ನಿಲ್ಲಂಗಿಲ್ಲ. ಹತ್ತಿ ಆಗಿದ್ರ ಪೂರ್ತಿ ಬೂದಿ ಆಗತಿತ್ತು" ಅಂದರು. ಟೆರಿಕಾಟ್ ಅಂದರೆ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆ. ಮೈದಾ ಅಂಟಿಗೆ ಮೈಲುತುತ್ತ ಹಾಕಿ ಕುದಿಸುತ್ತಾರೆ, ಹುಳ ಬೀಳಬಾರದು ಅಂತ. ಖಾಕಿಗೆ ಮಾತ್ರ ಅದರಲ್ಲಿ ಫೆವಿಕಾಲ್ ಬೆರೆಸಿದರು.

ನನ್ನ ಹತ್ತಿರ ಮಗಳು ಕೂಸಿದ್ದಾಗ ಹಾಕಿದ್ದ ಕುಂಚಿಗೆಯೂ ಇತ್ತು. ಕೊಟ್ಟೆ. ತಿರುಗಿಸಿ ನೋಡಿ ವಾಪಸ್ ಇಟ್ಟರು. ಕತ್ತರಿ ಹಾಕಿದರೆ ಅಂಗೈಯಷ್ಟು ಬಟ್ಟೆ ಸಿಗುತ್ತದೆ, ಕಸೂತಿ ಅರ್ಧಕ್ಕೆ ತುಂಡಾಗುತ್ತದೆ, "ಇದನ್ನ ಹಂಗಽ ಇಟಗೋರಿ" ಅಂದರು. ಬಂದ 850 ರೂಪಾಯಿ ಬೇಡ ಅನ್ನುವವರು ಎಷ್ಟು ಜನ ಸಿಗುತ್ತಾರೆ? ಅಲ್ಲಿಗೇ ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು.

ಸೀರೆಯದು ಬೇರೆ ಕಥೆ. ಇಳಕಲ್ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡರ ಹಾಸನ್ನೂ, ಅಂದರೆ ಉದ್ದದ ಎಳೆಗಳನ್ನು, ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿ ಸಾಲು ಪುಸ್ತಕದ ಬೆನ್ನಿಗೆ ಬಂದರೆ ಚೆಂದ ಅಂತ ನನ್ನ ಆಸೆ. ಅವರು ಒಪ್ಪಲಿಲ್ಲ. ಪುಸ್ತಕ ತೆಗೆದು ಮುಚ್ಚುವಾಗ ಬೆನ್ನಿನ ಹತ್ತಿರ ಬಟ್ಟೆ ಮಡಚುತ್ತಲೇ ಇರುತ್ತದೆ, ಆರು ತಿಂಗಳಿಗೆ ಕೊಂಡಿ ಬಿಡುತ್ತದೆ ಅಂದರು. ಸೀರೆಯ ಹಳೆ ಮಡಿಕೆಯ ಗೆರೆಗಳಲ್ಲಿ ರೇಷ್ಮೆ ಆಗಲೇ ಸೀಳಿತ್ತು. ಅದನ್ನು ತಪ್ಪಿಸಿ, ಕೊಂಡಿ ಸಾಲನ್ನು ಮುಂದಿನ ರಟ್ಟಿನ ನಡುವೆ ತಂದು, ಅದರ ಮೇಲೆ ಸೆರಗಿನ ತೋಪುತೆನೆ ವಿನ್ಯಾಸ ಬರುವ ಹಾಗೆ ಕತ್ತರಿಸಿದ್ದಾರೆ. ಒಂದು ತೆನೆಯೂ ಕಡಿದಿಲ್ಲ.

ಈಗ ದೂರು. 15 ದಿನ ಅಂದವರು 40 ದಿನ ಮಾಡಿದರು. ಎರಡು ಸಲ ಸುಮ್ನೆ ಗದಗಿಗೆ ಹೋಗಿ ಬಂದೆ. ಒಂದು ಸಲವಂತೂ ಮಳೆಗೆ ರಟ್ಟು ಒಣಗಿಲ್ಲ ಅಂತ ಕಾರಣ. "ಇದು ವೀರನಾರಾಯಣ ಗುಡಿಯೊಳಗ ಕವಿ ಕುಮಾರವ್ಯಾಸ ಒದ್ದಿ ಬಟ್ಟಿ ಉಟ್ಟು ಬರದ ಊರ್ರಿ, ಆದ್ರ ನಂದು ಒದ್ದಿ ಇದ್ದಾಗ ನಡಿಯಂಗಿಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಎರಡನೆಯದು, ಸೆರಗಿನ ಕೆಂಪು ಬಣ್ಣ ಬಿಟ್ಟಿದೆ. ಬಟ್ಟೆಯ ಹಿಂದೆ ತೆಳು ಕಾಗದ ಅಂಟಿಸಿದ್ದರೂ ಒಳಗಿನ ಅಸ್ತರ ಹಾಳೆಯ ಅಂಚಿಗೆ ಗುಲಾಬಿ ಕಲೆ ಹತ್ತಿದೆ. ಅಂಟು ಹಚ್ಚುವ ಮೊದಲು ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕಿತ್ತು, ಅಲ್ವಾ? ಎಳೆ ಸುಟ್ಟು ನೋಡುವವರು ಇದನ್ನು ಮರೆತಿದ್ದಾರೆ. ಕೇಳಿದ್ದಕ್ಕೆ 100 ರೂಪಾಯಿ ಕಡಿಮೆ ಮಾಡಿದರು.

ಕಟ್ಟಿದ ಕೆಲಸದಲ್ಲಿ ಮಾತ್ರ ತಪ್ಪು ಹುಡುಕಲು ಆಗಲಿಲ್ಲ. 16 ಪುಟದ ಹತ್ತು ಫಾರಂ (ಮಡಚಿದ ಹಾಳೆಯ ಕಟ್ಟು), ಒಂದೊಂದನ್ನೂ ಮೇಣದ ದಾರದಲ್ಲಿ ಹೊಲಿದಿದ್ದಾರೆ. ಯಾವ ಪುಟ ತೆಗೆದರೂ ಅಂಗಾತ ಮಲಗುತ್ತದೆ. ಒಳಗೆ ಹಾಕಿದ್ದು ಲೆಡ್ಜರ್ ಪೇಪರ್, ಇಂಕ್ ಪೆನ್ನಿನಲ್ಲಿ ಬರೆದರೂ ಹಿಂದೆ ಮೂಡುವುದಿಲ್ಲ.

ಖಾಕಿ ಪುಸ್ತಕದ ಮುಂದೆ ಅಪ್ಪನ ಎಡ ಜೇಬು ಹಾಗೇ ಇದೆ. ಮೊದಲು ಅದನ್ನು ಬಿಚ್ಚಿದರು. ಅಡಿಯಲ್ಲಿ ಚೌಕಾಕಾರದ ಜಾಗ ಬಿಸಿಲು ಕಾಣದೆ ಹೊಸ ಬಟ್ಟೆಯ ಹಾಗೆ ಗಾಢವಾಗಿ ಉಳಿದಿತ್ತು. ಬಟ್ಟೆಗೆ ಕಾಗದ ಅಂಟಿಸಿ ಒಣಗಿಸಿದ ಮೇಲೆ ಜೇಬನ್ನು ಹಳೆ ಸೂಜಿ ತೂತುಗಳಲ್ಲೇ ಮತ್ತೆ ಹೊಲಿದು, ಆಮೇಲೆ ರಟ್ಟಿಗೆ ಹಾಕಿದ್ದಾರೆ. ತಳದಲ್ಲಿ ಪೆನ್ನು ಸೋರಿದ ನೀಲಿ ಕಲೆ ಇದೆ. ತೆಗೆಯಲೋ ಬಿಡಲೋ ಅಂತ ಫೋಟೋ ಕಳಿಸಿ ಕೇಳಿದ್ದರು. ಫೋನ್ ಎತ್ತದವರು ವಾಟ್ಸಾಪ್ ಮಾತ್ರ ನೋಡುತ್ತಾರೆ!

ಒಂದು ಎಚ್ಚರಿಕೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಸೀರೆ ಪುಸ್ತಕದಲ್ಲಿ ಅವ್ವನ ಮಾದಲಿ, ಗುರೆಳ್ಳು ಚಟ್ನಿಯ ಅಳತೆ ಬರೆಯುತ್ತಿದ್ದೇನೆ. ಮೂರನೇ ದಿನಕ್ಕೇ ರಟ್ಟಿಗೆ ಅರಿಸಿನ ಹತ್ತಿತು. ಇದನ್ನು ತೊಳೆಯಲು ಬರುವುದಿಲ್ಲ. ಒಲೆಯಿಂದ ದೂರ ಇಡಿ, ಇಲ್ಲವಾದರೆ ಮೇಲೊಂದು ಹೊದಿಕೆ ಹಾಕಿ. ದೀಪಾವಳಿ ಎದುರಿಗಿದ್ದಾಗ ಕೆಲಸ ಕೊಡಬೇಡಿ. ತೋಳು, ಕಾಲರ್, ಚೂರುಪಾರು ಎಲ್ಲ ಚೀಲದಲ್ಲಿ ಕಟ್ಟಿ ವಾಪಸ್ ಕೊಡುತ್ತಾರೆ, ನಾವು ಕೇಳುವ ಮೊದಲೇ. ನಮ್ಮ ಚೀಲ ಅವ್ವನ ಕೌದಿಗೆ ಹೋಯಿತು.

ಖಾಕಿ ಪುಸ್ತಕ ತಮ್ಮನಿಗೆ ಕೊಟ್ಟೆ. ಅವನು ಇನ್ನೂ ಒಂದಕ್ಷರ ಬರೆದಿಲ್ಲ. ಜೇಬಿನಲ್ಲಿ ಮಾತ್ರ ಪೆಟ್ರೋಲ್ ಚೀಟಿ, ಹತ್ತರ ಎರಡು ನೋಟು, ಒಂದಿಷ್ಟು ಚಿಲ್ಲರೆ ಇಟ್ಟುಕೊಂಡಿದ್ದಾನೆ.