ಬಿಜೈಯ ಫ್ಲ್ಯಾಟು, ಸಂತೆಕಟ್ಟೆಯ ಮನೆ: ಎರಡರಲ್ಲೂ ಮಳೆಗಾಲ ಕಳೆದವನ ಲೆಕ್ಕ

2017ರಿಂದ ಐದು ವರ್ಷ ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿನಲ್ಲಿ ಇದ್ದೆವು. ನಾಲ್ಕನೇ ಮಹಡಿ, ಸ್ವಂತದ್ದೇ. ಮಗಳ ಕಾಲೇಜು ಮುಗಿದ ಮೇಲೆ ಉಡುಪಿಯ ಸಂತೆಕಟ್ಟೆ ಹತ್ತಿರ ಅಪ್ಪ ಕಟ್ಟಿಸಿದ ಮನೆಗೆ ವಾಪಸ್ ಬಂದೆವು. "ಯಾವುದು ಒಳ್ಳೆಯದು ಮಾರಾಯ್ರೆ?" ಎಂದು ಕೇಳುವವರು ಜಾಸ್ತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಉತ್ತರ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸಿಗುತ್ತದೆ. ಉಳಿದ ತಿಂಗಳುಗಳಲ್ಲಿ ಎರಡೂ ಚಂದವೇ.

ಫ್ಲ್ಯಾಟಿನ ಕತೆ ಒಂದು ಗೋಡೆಯದ್ದು. ನಮ್ಮ ಮಲಗುವ ಕೋಣೆ ಪಶ್ಚಿಮಕ್ಕೆ. ಮಳೆ ಗಾಳಿ ಜೊತೆ ಬರುವುದೂ ಸಮುದ್ರದ ಆ ಕಡೆಯಿಂದಲೇ. ಎರಡನೇ ಮಳೆಗಾಲಕ್ಕೆ ಪೈಂಟ್ ಗುಳ್ಳೆ ಎದ್ದಿತು, ಆಮೇಲೆ ಕಪಾಟಿನ ಹಿಂದೆ ಬೂಷ್ಟು. ಒಳಗಡೆ ಎಷ್ಟು ಪುಟ್ಟಿ ಬಳಿದರೂ ಪ್ರಯೋಜನವಿಲ್ಲ, ನೀರು ಹೊರಗಿನಿಂದ ಇಳಿಯುವುದು. ಹೊರಗೋಡೆ ನನ್ನದಲ್ಲ, ಎಲ್ಲರದ್ದು. ಅದನ್ನು ಅಸೋಸಿಯೇಷನ್ ಮಾಡಿಸಬೇಕು. ಒಟ್ಟು 28 ಮನೆ. ಮೀಟಿಂಗ್ ಆಯಿತು. ಪೂರ್ವಕ್ಕೆ ಮುಖ ಇದ್ದವರ ಗೋಡೆ ಒಣಗಿಯೇ ಇತ್ತು, ಅವರಿಗೆ ಅವಸರವಿಲ್ಲ. "ಈ ವರ್ಷ ಲಿಫ್ಟಿನ ಕೆಲಸ ಇದೆಯಲ್ಲ, ಮುಂದಿನ ವರ್ಷ ನೋಡುವ" ಎಂದರು. ಅವರ ಮೇಲೆ ಸಿಟ್ಟಿಲ್ಲ, ನನ್ನ ಗೋಡೆ ಪೂರ್ವಕ್ಕಿದ್ದರೆ ನಾನೂ ಹಾಗೇ ಹೇಳುತ್ತಿದ್ದೆನೋ ಏನೋ. ಕೊನೆಗೆ ಹಗ್ಗ ಕಟ್ಟಿ ಜನ ಇಳಿದು ವಾಟರ್‌ಪ್ರೂಫ್ ಮಾಡಿದಾಗ ಎರಡು ಮಳೆಗಾಲ ಕಳೆದಿತ್ತು.

ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಇಲ್ಲಿ ಒಂದು ಅನುಕೂಲ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡುಬಂದರೆ, ತಿಳಿಸಿದ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ನಮ್ಮದು ಅದಕ್ಕಿಂತ ಹಳೆಯ ಕಟ್ಟಡ. ನಾನು ಮನೆ ನೋಡಲು ಹೋದದ್ದು ಜನವರಿಯಲ್ಲಿ. ಜುಲೈಯಲ್ಲಿ ಹೋಗಿ ಪಶ್ಚಿಮದ ಗೋಡೆಗೆ ಕೈ ಇಟ್ಟು ನೋಡಬೇಕಿತ್ತು.

ಹಾಗಾದರೆ ಸ್ವಂತ ಮನೆಯಲ್ಲಿ ಸೋರಲಿಲ್ಲವಾ? ಸೋರಿತು. ಬಂದ ವರ್ಷವೇ ತಾರಸಿ ಸೋರಿ ದೇವರ ಕೋಣೆಯಲ್ಲಿ ಬಾಲ್ದಿ ಇಟ್ಟೆವು. ಯಾರನ್ನೂ ಕೇಳುವುದಿಲ್ಲ, ತಾರಸಿ ಮೇಲೆ ಶೀಟ್ ಹಾಕಿಸುವುದು ಎಂದು ಆ ರಾತ್ರಿಯೇ ತೀರ್ಮಾನ. ಆದರೆ ಶೀಟಿನವರು ಸಿಗಬೇಕಲ್ಲ! ಫೋನ್ ಮಾಡಿದಾಗಲೆಲ್ಲ "ನಾಳೆ ಬರ್ತೇನೆ ಸರ್". ಆ ನಾಳೆ ಬಂದದ್ದು ಅಕ್ಟೋಬರ್‌ನಲ್ಲಿ. ಅಲ್ಲಿ 27 ಜನ ಒಪ್ಪಬೇಕಿತ್ತು, ಇಲ್ಲಿ ಒಬ್ಬನೇ ಒಬ್ಬ ಒಪ್ಪಬೇಕಿತ್ತು. ಆ ಒಬ್ಬನನ್ನು ಹಿಡಿಯುವುದು ಸುಮ್ನೆ ಅಲ್ಲ. ತೆಂಗಿನಕಾಯಿ ಕೀಳುವವರದ್ದು, ಹುಲ್ಲು ಕತ್ತರಿಸುವವರದ್ದು, ಪಂಪ್ ರಿಪೇರಿಯವರದ್ದು ಎಲ್ಲ ಇದೇ ಪಾಡು.

ದುಡ್ಡಿನ ವಿಷಯಕ್ಕೆ ಬಂದರೆ ನನಗೇ ಆಶ್ಚರ್ಯ ಆಯಿತು. ಫ್ಲ್ಯಾಟಿಗೆ ಮೆಂಟೆನೆನ್ಸ್ ಚದರಡಿಗೆ 3 ರೂಪಾಯಿ. 1,180 ಚದರಡಿಗೆ ತಿಂಗಳಿಗೆ 3,540, ವರ್ಷಕ್ಕೆ 42 ಸಾವಿರ ಚಿಲ್ಲರೆ. "ಸ್ವಂತ ಮನೆಗೆ ಇದೆಲ್ಲ ಇಲ್ಲ" ಎಂದುಕೊಂಡಿದ್ದೆ. ಶೀಟಿಗೇ ಮೂರು ಲಕ್ಷ ಹೋಯಿತು. ಗೆದ್ದಲಿನ ಮದ್ದು, ಇನ್ವರ್ಟರ್ ಬ್ಯಾಟರಿ, ಅಂಗಳದ ಹಾವಸೆ ತೆಗೆಸುವುದು ಸೇರಿ ಮತ್ತೂ ಖರ್ಚು. ಇದಕ್ಕೆ ಯಾರೂ ಪ್ರತಿ ತಿಂಗಳು ಬಿಲ್ ಕಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಜಾಗದ ಲೆಕ್ಕ ಮಾತ್ರ ಬೇರೆ. 28 ಫ್ಲ್ಯಾಟು ನಿಂತದ್ದು 30 ಸೆಂಟ್ಸ್‌ನಲ್ಲಿ. ನನ್ನ ಪಾಲಿಗೆ ಒಂದು ಸೆಂಟ್ಸ್‌ಗಿಂತ ತುಸು ಜಾಸ್ತಿ, ಸುಮಾರು 465 ಚದರಡಿ. ಅದು ಎಲ್ಲಿದೆ ಎಂದು ಬೆರಳು ತೋರಿಸಲು ಆಗುವುದಿಲ್ಲ. ಇಲ್ಲಿ 11 ಸೆಂಟ್ಸ್, ಮುರಕಲ್ಲಿನ ಕಂಪೌಂಡು, ಒಂದು ಬಾವಿ.

ಆ ಬಾವಿಯ ಬೆಲೆ ಗೊತ್ತಾದದ್ದು ಫ್ಲ್ಯಾಟಿನಲ್ಲಿದ್ದಾಗ. 2019ರ ಮೇಯಲ್ಲಿ ನೇತ್ರಾವತಿ ಬತ್ತಿ, ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ನೀರಿಗೆ ರೇಷನ್ ಆಯಿತು. ನಮ್ಮ ಕಟ್ಟಡಕ್ಕೆ ಟ್ಯಾಂಕರ್. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಲ್ಲಿ. ಸಂತೆಕಟ್ಟೆಯ ಬಾವಿಯಲ್ಲೂ ಮೇಯಲ್ಲಿ ನೀರು ತಳ ಸೇರುತ್ತದೆ. ಆದರೆ ಬಗ್ಗಿ ನೋಡಿದರೆ ಎಷ್ಟಿದೆ ಎಂದು ಕಾಣುತ್ತದೆ, ಅಷ್ಟರಲ್ಲೇ ಸಂಸಾರ.

ಕರೆಂಟಿನಲ್ಲಿ ಫ್ಲ್ಯಾಟಿಗೇ ಮಾರ್ಕು. ಜನರೇಟರ್ ಇತ್ತು. ಇಲ್ಲಿ ಮೊದಲ ಗಾಳಿಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದರೆ ಮುಗಿಯಿತು. ಬೀಗ ಹಾಕಿ ಹತ್ತು ದಿನ ಊರಿಗೆ ಹೋಗುವ ಧೈರ್ಯವೂ ಅಲ್ಲೇ.

ಇನ್ನು ಅಮ್ಮ. ಅವರಿಗೆ 76. ಮಂಡಿನೋವಿಗೆ ಲಿಫ್ಟ್ ದೇವರಂತೆ. ಪಕ್ಕದ ಮನೆಯ ಅಜ್ಜಿಯ ಜೊತೆ ಸಂಜೆ ಮಾತು. ಅಂಗಳದಲ್ಲಿ ಜಾರುವ ಭಯವಿಲ್ಲ. ಅವರಿಗೆ ಫ್ಲ್ಯಾಟೇ ಇಷ್ಟ ಎಂದು ನಾವೆಲ್ಲ ನಂಬಿದ್ದೆವು, ಹಲಸಿನ ಹಪ್ಪಳದ ಕಾಲ ಬರುವವರೆಗೆ. ತಾರಸಿಗೆ ಅಸೋಸಿಯೇಷನ್ ಬೀಗ ಹಾಕಿತ್ತು, ಮಕ್ಕಳು ಹತ್ತುತ್ತಾರೆ ಎಂದು. ಬಾಲ್ಕನಿಯಲ್ಲಿ ಬಿಸಿಲು ಬರುವುದು ಮಧ್ಯಾಹ್ನ ಮೂರರ ನಂತರ. "ಎಂತ ಮಾರಾಯ, ಇಷ್ಟು ದುಡ್ಡು ಕೊಟ್ಟದ್ದು, ಒಂದು ಚಾಪೆಯಷ್ಟು ಬಿಸಿಲು ಇಲ್ವಾ?" ಎಂದರು. ಉತ್ತರ ಇರಲಿಲ್ಲ.

ಈಗ ಇಲ್ಲಿ ತಾರಸಿ ನಮ್ಮದೇ, ಬೀಗವೂ ಇಲ್ಲ. ಆದರೆ ಶೀಟ್ ಹಾಕಿದ ಮೇಲೆ ಅಲ್ಲಿ ಬಿಸಿಲು ಎಲ್ಲಿಂದ? ಆಟಿ ತಿಂಗಳ ಜಡಿಮಳೆಯಲ್ಲೂ ಬಟ್ಟೆ ಒಣಗುತ್ತದೆ, ಹಪ್ಪಳ ಒಣಗುವುದಿಲ್ಲ. ಅಮ್ಮ ಅಂಗಳದಲ್ಲಿ ಚಾಪೆ ಹಾಸಿ, ಬಸಳೆ ಚಪ್ಪರದ ನೆರಳಲ್ಲಿ ಕುರ್ಚಿ ಇಟ್ಟುಕೊಂಡು, ಕೈಯಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತಾರೆ. ಮಂಡಿನೋವಿನ ಮಾತು ಆ ಹೊತ್ತಿಗೆ ಇಲ್ಲ.

ಬಿಜೈಯ ಫ್ಲ್ಯಾಟನ್ನು ಮಾರಿಲ್ಲ, ಬಾಡಿಗೆಗೆ ಕೊಟ್ಟಿದ್ದೇನೆ. ಅಮ್ಮನಿಗೆ ಮೆಟ್ಟಿಲು ಪೂರ್ತಿ ಆಗದ ದಿನ ಬಂದರೆ ವಾಪಸ್ ಹೋಗುವುದೇ ಎಂದು ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ. ನಾನೂ ಹೂಂ ಎಂದಿದ್ದೇನೆ. ಅಮ್ಮನಿಗೆ ಹೇಳಿಲ್ಲ.