ನಮ್ಮ ಲೂವರ್ ಪ್ರೆಸ್ ಆಕಳಿಸುತ್ತದೆ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಗ್ಯಾರೇಜಿನ ಲೂವರ್ ಪ್ರೆಸ್, ಅಂದರೆ ಬಾನೆಟ್ ತಗಡನ್ನು ಸೀಳಿ ಉಬ್ಬಿಸಿ ಗಾಳಿ ಕಿಂಡಿ (ಲೂವರ್) ಮಾಡುವ ಮಷೀನು, ಆಕಳಿಸುತ್ತದೆ. ತಮಾಷೆ ಅಲ್ಲ. ಜ್ಯಾಕಿನ ಹಿಡಿಕೆ ಒತ್ತುತ್ತಾ ಹೋದ ಹಾಗೆ ಅದರ ಸಿ ಆಕಾರದ ಫ್ರೇಮು ನಿಧಾನಕ್ಕೆ ಬಾಯಿ ಬಿಡುತ್ತದೆ. ತಗಡು ಕತ್ತರಿಸಿ 'ಟಕ್' ಅಂದ ಕೂಡಲೇ ಬಾಯಿ ಮುಚ್ಚುತ್ತದೆ. ಡಯಲ್ ಗೇಜ್ ಇಟ್ಟು ನೋಡಿದಾಗ ಎರಡು ಮಿಲಿಮೀಟರ್ ತೋರಿಸಿತು. ಎರಡೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಡೈ (ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು) ಕೆಲಸದಲ್ಲಿ ಎರಡು ಮಿಲಿಮೀಟರ್ ಅಂದರೆ ಪಕ್ಕದ ಊರು.

ನನ್ನದು ಅಂಕೋಲಾದಲ್ಲಿ ಹೆದ್ದಾರಿ ಬದಿಯ ಟಿಂಕರಿಂಗ್ ಗ್ಯಾರೇಜು. ದಿನದ ಅನ್ನ ಬರುವುದು ಕಾರುಗಳ ಡೆಂಟ್ ತೆಗೆದು ಪೇಂಟ್ ಹೊಡೆಯುವುದರಿಂದ. ಮನಸ್ಸು ಇರುವುದು ಮಾತ್ರ ಹಳೇ ಜೀಪುಗಳಲ್ಲಿ. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆಯಿಂದ ಬರುತ್ತವೆ. ಬಂದವರಲ್ಲಿ ಅರ್ಧ ಜನ ಕೇಳುವುದು ಒಂದೇ: ಬಾನೆಟ್ ಮೇಲೆ ಸಾಲಾಗಿ ಕಿಂಡಿ ಬೇಕು, ಘಟ್ಟ ಹತ್ತುವಾಗ ಬಿಸಿ ಗಾಳಿ ಹೊರಗೆ ಹೋಗಬೇಕು. ಉಳಿದ ಅರ್ಧ ಜನಕ್ಕೆ ಬರೀ ಚಂದಕ್ಕೆ ಬೇಕು. ಎರಡೂ ತಪ್ಪಲ್ಲ.

ಪ್ರೆಸ್ ಇಲ್ಲದಿದ್ದಾಗ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಎಲೆಕ್ಟ್ರಿಕ್ ಪ್ಯಾನೆಲ್ ಬೋರ್ಡ್ ಮಾಡುವ ಕಡೆ ತಗಡಿಗೆ ತೂತು, ಕಿಂಡಿ ಹೊಡೆಯುವ ಟರೆಟ್ ಪಂಚ್ ಮಷೀನು ಇರುತ್ತದೆ. ಪ್ಯಾನೆಲ್ ಬಾಗಿಲಿಗೆ ಲೂವರ್ ಹೊಡೆಯುವುದು ಅವರಿಗೆ ದಿನದ ಕೆಲಸ. ಆದರೆ ಆ ಮಷೀನಿಗೆ ಸಪಾಟಾದ ಶೀಟೇ ಬೇಕು. ಅಂಚು ಮಡಿಚಿದ, ಒಳಗೆ ಪಟ್ಟಿ ಇರುವ ಹಳೇ ಬಾನೆಟ್ ಅದರೊಳಗೆ ಹೋಗುವುದಿಲ್ಲ. ಸುಮಾರು 140 ಕಿಲೋಮೀಟರ್, ಅರಬೈಲ್ ಘಟ್ಟ ಹತ್ತಿ, ಬಾನೆಟ್ ತೋರಿಸಿ, 'ಆಗೋದಿಲ್ಲ' ಅನ್ನಿಸಿಕೊಂಡು ಇಳಿದು ಬಂದಿದ್ದೇನೆ. ಅದೂ ಎರಡು ಸಲ. ಎರಡನೇ ಸಲ ತಪ್ಪು ನನ್ನದೇ.

ಸೆಕೆಂಡ್ ಹ್ಯಾಂಡ್ ಫ್ಲೈ ಪ್ರೆಸ್ ಕೂಡ ನೋಡಿದ್ದೆ. ಗಟ್ಟಿ ಸಾಮಾನು, ಚಕ್ರ ತಿರುಗಿಸಿ ಬಿಟ್ಟರೆ ಮುಗಿಯಿತು. ಆದರೆ ನಾನು ನೋಡಿದ್ದರ ಬಾಯಿ ಹತ್ತು ಇಂಚೂ ಆಳ ಇರಲಿಲ್ಲ. ಬಾನೆಟ್ಟಿನ ಅಂಚಿಗೆ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ನನಗೆ ಕಡಿಮೆ ಅಂದರೂ 24 ಇಂಚು ಬೇಕಿತ್ತು.

ಹಾಗಾಗಿ ಫ್ರೇಮು ನಾನೇ ಮಾಡಿದೆ, ಡೈ ಮಾತ್ರ ಬೆಳಗಾವಿಯಲ್ಲಿ ಮಾಡಿಸಿದೆ. ನಾಲ್ಕು ಇಂಚಿನ ಲೂವರ್, ಎಚ್‌ಸಿಎಚ್‌ಸಿ ಅನ್ನುವ ಗಟ್ಟಿ ಡೈ ಸ್ಟೀಲು, ಹಾರ್ಡನಿಂಗ್ ಎಲ್ಲ ಸೇರಿ 14,000 ರೂಪಾಯಿ. ಫ್ರೇಮಿಗೆ ಗುಜರಿಯಲ್ಲಿ ಪ್ಲೇಟ್ ಹುಡುಕಿದೆ. ಅಲ್ಲಿ 25 ಎಂಎಂ ಪ್ಲೇಟೂ ಇತ್ತು, 16 ಎಂಎಂ ಕೂಡ ಇತ್ತು. ಎರಡೆರಡು ಪ್ಲೇಟ್ ಜೋಡಿಸುವುದಾದರೆ 25ರದ್ದು ಇನ್ನೂರು ಕಿಲೋ ದಾಟುತ್ತದೆ, 16ರದ್ದು ನೂರೈವತ್ತರ ಒಳಗೆ ಮುಗಿಯುತ್ತದೆ. ಕಿಲೋಗೆ 50 ರೂಪಾಯಿ. ನಾಲ್ಕು ಸಾವಿರ ಉಳಿಸಿದೆ ಅಂತ ಆವತ್ತು ಖುಷಿಯಲ್ಲಿ ಗೋಳಿಬಜೆ ತಿಂದು ಬಂದೆ. ಈ ಬರಹ ಪೂರ್ತಿ ಆ ನಾಲ್ಕು ಸಾವಿರದ ಕಥೆ.

ಒತ್ತಡಕ್ಕೆ 20 ಟನ್ ಬಾಟಲ್ ಜ್ಯಾಕು, ಅಂದರೆ ಎಣ್ಣೆ ಒತ್ತಡದಿಂದ ಎತ್ತುವ ಜ್ಯಾಕು. ಒಂದು ಎಂಎಂ ತಗಡಿನಲ್ಲಿ ನಾಲ್ಕು ಇಂಚು ಕತ್ತರಿಸಲು ಮೂರು ಟನ್ ಆಸುಪಾಸು ಸಾಕು, ಉಬ್ಬಿಸಲು ಇನ್ನಷ್ಟು. 20 ಟನ್ ಬೇಕಿರಲಿಲ್ಲ, ಅಂಗಡಿಯಲ್ಲಿ ಇದ್ದದ್ದು ಅದು. ಜ್ಯಾಕನ್ನು ಮೇಲೆ ತಲೆಕೆಳಗಾಗಿ ಕೂರಿಸಿ, ಪಂಚ್ (ತಗಡನ್ನು ಡೈಯೊಳಗೆ ಒತ್ತುವ ಭಾಗ) ಕೆಳಗೆ ಇಳಿಯುವ ಹಾಗೆ ಮಾಡುವ ಯೋಚನೆ ಇತ್ತು. ಬಾಟಲ್ ಜ್ಯಾಕು ತಲೆಕೆಳಗೆ ಹಿಡಿದರೆ ಎಣ್ಣೆ ಎಳೆಯುವುದೇ ಇಲ್ಲ. ಬ್ರ್ಯಾಕೆಟ್ ವೆಲ್ಡ್ ಮಾಡಿ ಮುಗಿಸಿದ ಮೇಲೆ ಗೊತ್ತಾಯಿತು. ಎಲ್ಲ ಕಿತ್ತು ಜ್ಯಾಕು ಕೆಳಗೆ ಇಟ್ಟೆ. ಪಂಚ್ ಕೆಳಗಿನಿಂದ ಏರುತ್ತದೆ, ಮೇಲೆ ಡೈ ಕೂತಿರುತ್ತದೆ. ವಾಪಸ್ ಇಳಿಸಲು ಹಳೇ ಬೈಕಿನ ಎರಡು ಸ್ಪ್ರಿಂಗು. ಒಟ್ಟು ಖರ್ಚು 33,000.

ಮೊದಲ ಲೂವರ್ ಹೊಡೆದಾಗ ನಮ್ಮ ಬೆಲೇಕೇರಿ ಹುಡುಗ ಬಗ್ಗಿ ನೋಡಿ, "ಅಣ್ಣಾ, ಬಂಗಡೆ ಕಿವಿರಿನ ಹಂಗೇ ಇದೆ" ಅಂದ. ಅವತ್ತಿನಿಂದ ನಮ್ಮಲ್ಲಿ ಲೂವರ್ ಅನ್ನುವ ಮಾತೇ ಇಲ್ಲ. ಕಿವಿರು. "ಈ ಬಾನೆಟ್ಟಿಗೆ ಎಷ್ಟು ಕಿವಿರು?"

ಒಂದು ಕಿವಿರು ಚಂದವೇ ಇತ್ತು. ಹನ್ನೆರಡು ಸಾಲಾಗಿ ಹೊಡೆದ ಮೇಲೆ ಏನೋ ಸರಿ ಇಲ್ಲ ಅನ್ನಿಸಿತು. ಬೆರಳು ಆಡಿಸಿದರೆ ಪ್ರತಿಯೊಂದರ ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಅರ್ಧ ಮಿಲಿಮೀಟರ್ ಕೂಡ ಇಲ್ಲ. ಪ್ರೈಮರ್ ಮೇಲೆ ಕಾಣಲಿಲ್ಲ. ಮೇಲೆ ಹೊಳೆಯುವ ಪೇಂಟ್ ಬಿದ್ದಾಗ ಟ್ಯೂಬ್‌ಲೈಟಿನ ನೆರಳು ಹನ್ನೆರಡರಲ್ಲೂ ಸೊಟ್ಟ ಕಂಡಿತು. ಬಾಯಿ ಬಿಟ್ಟಾಗ ಫ್ರೇಮಿನ ಬೆನ್ನಿನ ಕಡೆ ಡೈ ಪೂರ್ತಿ ಕಚ್ಚುತ್ತದೆ, ತುಟಿಯ ಕಡೆ ಕಚ್ಚುವುದಿಲ್ಲ. ಡೈ ಮಾಡಿದವರಿಗೆ ಫೋನ್ ಮಾಡಿ ಜೋರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಪ್ಲೇಟ್ ಎಷ್ಟು ದಪ್ಪ ಹಾಕಿದ್ದೀರಿ?" ಅಂದರು. ನಾನು ಫೋನ್ ಇಟ್ಟೆ.

ಮೊದಲು ಮಾಡಿದ್ದು ಪುಕ್ಕಟೆ ರಿಪೇರಿ. ಡೈಯನ್ನು ಅಡ್ಡ ತಿರುಗಿಸಿ ಕೂರಿಸಿದೆ. ಅಂದರೆ ಕಿವಿರಿನ ಉದ್ದ ಫ್ರೇಮಿನ ಬಾಯಿಗೆ ಅಡ್ಡವಾಗಿ ಬರುತ್ತದೆ. ಆಗ ಎರಡು ತುದಿಯೂ ಒಂದೇ ಎತ್ತರ. ಆದರೆ ಕತ್ತರಿಸುವ ಅಂಚಿನಲ್ಲಿ ಪಂಚಿಗೂ ಡೈಗೂ ನಡುವಿನ ಸಂದು ಬದಲಾಗುತ್ತದೆ. ಒಂದು ಎಂಎಂ ತಗಡಿಗೆ ಅಲ್ಲಿ ಸಂದು ಎಂಎಂನ ಹತ್ತನೇ ಒಂದು ಭಾಗದ ಒಳಗೇ ಇರಬೇಕು. ಬಾಯಿ ಬಿಟ್ಟಾಗ ಸಂದು ಮುಚ್ಚಿದರೆ ಪಂಚು ಡೈಗೆ ತಾಗಿ ಅಂಚು ಚಿಪ್ ಏಳುತ್ತದೆ, ಹದಿನಾಲ್ಕು ಸಾವಿರ ಹೋಯಿತು. ಸಂದು ಅಗಲವಾದರೆ ಬರೀ ಬರ್ (ಕತ್ತರಿಸಿದ ಅಂಚಿನಲ್ಲಿ ಚೂಪು ಸಿಪ್ಪೆ) ಏಳುತ್ತದೆ. ಅಗಲವಾಗುವ ಕಡೆಗೇ ಕೂರಿಸಿದೆ. ಒಂದು ವರ್ಷ ಪ್ರತಿ ಕಿವಿರಿನ ಒಳಗೆ ಕೈ ಹಾಕಿ ಅರ ಹಾಕಿದ್ದೇನೆ. ಬೆರಳಿನ ಗೀರು ಇನ್ನೂ ಇದೆ.

ಆಮೇಲೆ ಬೆನ್ನಿಗೆ ಪ್ಲೇಟ್ ಸೇರಿಸಿದೆ. ಬೆನ್ನಿನ ಅಗಲ 300 ಎಂಎಂ ಇದ್ದದ್ದು 450 ಆಯಿತು, ಮೇಲಿನ ಕೆಳಗಿನ ತೋಳಿಗೂ ಪಟ್ಟಿ ಕೊಟ್ಟೆ. ಇಲ್ಲಿ ಒಂದು ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಪ್ಲೇಟಿನ ದಪ್ಪ ಎರಡು ಪಟ್ಟು ಮಾಡಿದರೆ ಬಿಗಿ ಎರಡೇ ಪಟ್ಟು. ಬೆನ್ನಿನ ಅಗಲ ಎರಡು ಪಟ್ಟು ಮಾಡಿದರೆ ಬಿಗಿ ಎಂಟು ಪಟ್ಟು. ಗುಜರಿಯಲ್ಲಿ ನಿಂತಾಗ ಇದು ತಲೆಗೆ ಬಂದಿದ್ದರೆ ಅದೇ 16 ಎಂಎಂನಲ್ಲಿ ಅಗಲ ಜಾಸ್ತಿ ಇಟ್ಟು ಕತ್ತರಿಸುತ್ತಿದ್ದೆ. ಈಗ ಆಕಳಿಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಇದೆ. ಪೂರ್ತಿ ಹೋಗಿಲ್ಲ. ಈ ರಿಪೇರಿಗೆ ಪ್ಲೇಟು, ಗ್ಯಾಸ್ ಕಟಿಂಗು, ವೆಲ್ಡಿಂಗ್ ರಾಡು ಸೇರಿ ಆದ ಖರ್ಚು ಐದೂವರೆ ಸಾವಿರ.

ಇಷ್ಟು ಬೈದ ಮೇಲೂ ಇದನ್ನು ಮಾರುವುದಿಲ್ಲ. ಯಾಕೆ ಅಂದರೆ, ಬೆಳಗಿನ ಕೆಲಸ. ಬಾಗಿಲು ತೆಗೆದ ಕೂಡಲೇ ಮೊದಲು ಡೈ ಪೆಟ್ಟಿಗೆ ತೆಗೆಯುತ್ತೇನೆ. ಅದರಲ್ಲಿ ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತದೆ, ಇಲ್ಲದಿದ್ದರೆ ನಮ್ಮ ಉಪ್ಪು ಗಾಳಿಗೆ ಡೈ ಮೇಲೆ ನಾಲ್ಕೇ ದಿನಕ್ಕೆ ಕೆಂಪು ಪುಡಿ. ಬಲ್ಬಿನ ಬಿಸಿಗೆ ಡೈ ಬೆಚ್ಚಗಿರುತ್ತದೆ, ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ. ಹಳೇ ಪಂಚೆ ತುಂಡಲ್ಲಿ ಒರೆಸಿ ಒಂದು ಹನಿ ತೆಂಗಿನ ಎಣ್ಣೆ ಸವರುತ್ತೇನೆ. ಬೇರೆ ಎಣ್ಣೆಗಳನ್ನೂ ನೋಡಿದೆ. ತೆಂಗಿನ ಎಣ್ಣೆಯಲ್ಲಿ ತಗಡು ಜಾರುವುದೂ ಚೆನ್ನ, ಗ್ಯಾರೇಜಿಗೆ ತಿಂಡಿ ಕರಿದ ವಾಸನೆಯೂ ಬರುತ್ತದೆ. ಆಮೇಲೆ ಚೂರು ತಗಡಿನ ಮೇಲೆ ಒಂದು ಕಿವಿರು ಹೊಡೆದು ನೋಡುವುದು. ಇಪ್ಪತ್ತು ಸಲ ಹಿಡಿಕೆ ಒತ್ತಿದರೆ 'ಟಕ್'. ಆ ಸದ್ದು ಬಿಗಿಯಾಗಿ ಬಂದರೆ ದಿನ ಚೆನ್ನಾಗಿದೆ. ಜೊಳ್ಳಾಗಿ ಬಂದರೆ ಎಲ್ಲೋ ಬೋಲ್ಟ್ ಸಡಿಲ. ಕರೆಂಟು ಇಲ್ಲದ ಆಷಾಢದ ಮಧ್ಯಾಹ್ನ, ಹೊರಗೆ ಮಳೆ ಹೊಡೆಯುವಾಗ, ಗ್ಯಾರೇಜಿನಲ್ಲಿ ನಡೆಯುವ ಮಷೀನು ಇದೊಂದೇ. ಆಯುಧ ಪೂಜೆಗೆ ಹಚ್ಚಿದ ಕುಂಕುಮ ಎಣ್ಣೆಗೆ ಅಂಟಿ ದೀಪಾವಳಿ ದಾಟಿದರೂ ಹೋಗುವುದಿಲ್ಲ.

ತಗಡಿನ ಬಗ್ಗೆ ಒಂದು ಮಾತು. ಸಾದಾ ಗ್ರೇಡಿನ ಶೀಟಿನಲ್ಲಿ ಕಿವಿರಿನ ಎರಡು ಮೂಲೆ ಬಿರುಕು ಬಿಡುತ್ತಿತ್ತು. ಡಿಡಿ ಗ್ರೇಡಿನ ಸಿಆರ್‌ಸಿಎ, ಅಂದರೆ ಆಳವಾಗಿ ಎಳೆದರೂ ಬಿರಿಯದ ಮೆದು ಶೀಟು, ತಂದ ಮೇಲೆ ನಿಂತಿತು. ಸಾಲು ಹೊಡೆಯುವಾಗ ನಡುವಿನಿಂದ ಶುರು ಮಾಡಿ ಎರಡೂ ಕಡೆ ಹೋಗಿ. ಒಂದು ತುದಿಯಿಂದ ಹೋದರೆ ತಗಡು ಹಪ್ಪಳದ ಹಾಗೆ ಸುರುಟುತ್ತದೆ.

ಶಿರಸಿ ಕಡೆಯ ಹೆಗಡೇರೊಬ್ಬರ ಮಹೀಂದ್ರ ಎಂಎಂ540 ಜೀಪಿಗೆ 24 ಕಿವಿರು ಹೊಡೆದಿದ್ದೆ. ಪೂಜೋ ಡೀಸೆಲ್ ಎಂಜಿನ್ನು, ಲೋಡು ಹಾಕಿ ದೇವಿಮನೆ ಘಟ್ಟ ಹತ್ತಿದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ ಅನ್ನುತ್ತಾರೆ. ಅದೇ ಹೊತ್ತಿಗೆ ರೇಡಿಯೇಟರ್ ಕೂಡ ತೊಳೆಸಿದ್ದಾರೆ, ಹಾಗಾಗಿ ಪೂರ್ತಿ ಹೆಸರು ನಾನು ತೆಗೆದುಕೊಳ್ಳುವುದಿಲ್ಲ. ಹುಡುಗ ಅವರ ಎದುರೇ ಕಿವಿರು ಅಂದುಬಿಟ್ಟ. "ಎಂತ ಮಾರಾಯ, ನಮ್ಮನೆ ಜೀಪಿಗೆ ಮೀನಿನ ಕಿವಿರು ಮಾಡಿಟ್ಟೆಯಲ್ಲ!" ಅಂತ ಹೆಗಡೇರು ನಕ್ಕರು. ಜೂನಿನಲ್ಲಿ ಫೋನ್ ಬಂತು, ಆಗ ನಗು ಇರಲಿಲ್ಲ. ಕಿವಿರಿನ ಬಾಯಿ ಹಿಂದಕ್ಕೆ ಇರುತ್ತದೆ, ಓಡುವಾಗ ಮಳೆ ನೀರು ಒಳಗೆ ಹೋಗುವುದಿಲ್ಲ. ಆದರೆ ಅವರ ಅಂಗಳ ಇಳಿಜಾರು. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಗಾಜಿನ ಮೇಲಿನ ನೀರು ಇಳಿದು ನೇರ ಕಿವಿರಿನೊಳಗೆ. ಡೀಸೆಲ್ ಗಾಡಿ ಆದ್ದರಿಂದ ಬಚಾವ್, ಬ್ಯಾಟರಿ ಟರ್ಮಿನಲ್ ಮಾತ್ರ ಹಸಿರು ಹಿಡಿದಿತ್ತು. ಮ್ಯಾಗ್ನೆಟ್ ಅಂಟಿಸಿದ ರಬ್ಬರ್ ಶೀಟು ಮಾಡಿ ಕೊಟ್ಟೆ, ಮಳೆಗಾಲದ ಟೋಪಿ. ಈಗ ಮೊದಲೇ ಕೇಳುತ್ತೇನೆ: ಜೀಪು ಎಲ್ಲಿ ನಿಲ್ಲಿಸುತ್ತೀರಿ, ಮೂತಿ ಯಾವ ಕಡೆ?

ಇನ್ನೊಂದು, ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪು ಗೊತ್ತಿಲ್ಲದೆ ಗಾಡಿಯ ರೂಪ ಬದಲಿಸಲು ಹೋಗಬೇಡಿ. ನಾನು ಮೊದಲಿನ ಬಾನೆಟ್ಟನ್ನು ಮುಟ್ಟುವುದಿಲ್ಲ. ಬೇರೆ ಬಾನೆಟ್ ತನ್ನಿ ಅನ್ನುತ್ತೇನೆ. ಹಳೆಯದು ಅಟ್ಟದ ಮೇಲೆ ಇರಲಿ.

ತಿಂಗಳಿಗೆ ಒಂದು ಬಾನೆಟ್ ಕೂಡ ಇಲ್ಲದವರು ಪ್ರೆಸ್ ಮಾಡಬೇಡಿ, ಇದ್ದವರ ಹತ್ತಿರ ಹೊಡೆಸಿಕೊಳ್ಳಿ. ಮಾಡುವವರು ಡೈಗೆ ಚೌಕಾಶಿ ಮಾಡಬೇಡಿ. ನನ್ನ ಡೈ ಮೂರು ವರ್ಷದಲ್ಲಿ ಒಂದು ಸಲ ಮಾತ್ರ ಸಾಣೆ ಕಂಡಿದೆ. ಪ್ಲೇಟಿಗಂತೂ ಚೌಕಾಶಿ ಬೇಡವೇ ಬೇಡ. ಹೋದ ತಿಂಗಳು ಅದೇ ಗುಜರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಆ 25 ಎಂಎಂ ಪ್ಲೇಟು ಇನ್ನೂ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು, ತುಕ್ಕು ಹಿಡಿದು. ರೇಟು ಕೇಳಿದೆ. ಕಿಲೋಗೆ 62 ಅಂದರು. ಮುಂಗಡ ಕೊಟ್ಟು ಬಂದಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.